ಅಟ್ಟದ ಮೇಲಿನ ಬಾಕಿ

ನಮ್ಮ ಮೈಸೂರಿನ ಮನೆಯ ಹಿಂದಿನ ಕೋಣೆಗೆ ಮೂರು ಹೆಸರಿವೆ. ನಾನು ಅದನ್ನು ‘ರೆಕಾರ್ಡ್ ರೂಮು’ ಎನ್ನುತ್ತೇನೆ. ನಮ್ಮ ಮನೆಯವಳು ‘ಗುಜರಿ ಅಂಗಡಿ’ ಎನ್ನುತ್ತಾಳೆ. ಐದನೇ ಕ್ಲಾಸು ಮುಗಿಸಿರುವ ಮೊಮ್ಮಗ ‘ಜಿರಲೆ ಅರಮನೆ’ ಎನ್ನುತ್ತಾನೆ. ಮೂರೂ ನಿಜ.

ಈ ಬೇಸಿಗೆಯಲ್ಲಿ ಆ ಕೋಣೆಯ ಗ್ರಹಗತಿ ಬದಲಾಯಿತು. ಬೆಂಗಳೂರಿನಲ್ಲಿರುವ ನಮ್ಮ ಮಗಳ ಮಗಳು ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ಪಿಯುಸಿ ಓದಲು ಮೈಸೂರಿಗೇ ಬರುತ್ತೇನೆ, ಅಜ್ಜಿಯ ಮನೆಯಲ್ಲೇ ಇರುತ್ತೇನೆ ಎಂದಳು. ನಮಗೆ ಸಂತೋಷವೋ ಸಂತೋಷ. ಆದರೆ ಓದುವ ಹುಡುಗಿಗೆ ಒಂದು ಕೋಣೆ ಬೇಡವೇ? ನಮ್ಮ ಮನೆಯವಳು ಹಿಂದಿನ ಕೋಣೆಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಹನ್ನೊಂದು ವರ್ಷದಿಂದ ಕಾದು ಕುಳಿತಿದ್ದ ನೋಟ ಅದು.

ಅದೇ ವಾರ ಮಗಳ ಫೋನು ಬಂತು.

“ಅಪ್ಪಾ, ನಮ್ಮ ಆಫೀಸಿನಲ್ಲಿ ಥೀಮ್ ಪಾರ್ಟಿ ಇದೆ. ಮನೆಯವರೂ ಬರಬಹುದು. ಈ ಸಲದ ಥೀಮು ‘ಅಪ್ಪ-ಅಮ್ಮಂದಿರ ಕಾಲದ ಆಫೀಸು’. ನಿನ್ನ ಹಳೇ ಬ್ಯಾಂಕಿನ ಸಾಮಾನು ಏನಾದ್ರೂ ಇದ್ಯಾ?”

ಅಜ್ಜ-ಅಜ್ಜಿಯರಿಗೆ ಒಂದು ಮಾತು. ಥೀಮ್ ಪಾರ್ಟಿ ಎಂದರೆ ಹೆದರಬೇಡಿ. ನಾವು ಶಾಲೆಯಲ್ಲಿ ಆಡುತ್ತಿದ್ದ ಛದ್ಮವೇಷ ಸ್ಪರ್ಧೆಯನ್ನು ದೊಡ್ಡವರು ಆಫೀಸಿನಲ್ಲಿ ಆಡಿದರೆ ಅದೇ ಥೀಮ್ ಪಾರ್ಟಿ. ಮೊದಲೇ ಒಂದು ವಿಷಯ ಗೊತ್ತು ಮಾಡುತ್ತಾರೆ. ಬಟ್ಟೆ, ಅಲಂಕಾರ, ತಿಂಡಿ ಎಲ್ಲವೂ ಅದಕ್ಕೆ ಹೊಂದಬೇಕು. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಹುಡುಗ ಹುಡುಗಿಯರಿಗೆ ಒಂದು ದಿನದ ಮನರಂಜನೆ.

ಮಗಳು ಇನ್ನೊಂದು ಪದವನ್ನೂ ಹೇಳಿದಳು: ‘ಡಿಕ್ಲಟರಿಂಗ್’. ಬೇಡದ ಸಾಮಾನು ಆಚೆ ಹಾಕಿ ಮನೆ ಹಗುರ ಮಾಡಿಕೊಳ್ಳುವುದಂತೆ. ಹಬ್ಬ ಬಂತೆಂದರೆ ನಮ್ಮ ತಾಯಿ ಅಟ್ಟ ಇಳಿಸಿ, ಧೂಳು ಹೊಡೆದು, ಗೋಡೆಗೆ ಸುಣ್ಣ ಬಳಿಸುತ್ತಿದ್ದರು. ಅದೇ ಕೆಲಸ, ಹೆಸರು ಮಾತ್ರ ಹೊಸದು.

“ಎರಡು ವರ್ಷದಿಂದ ಉಪಯೋಗಕ್ಕೆ ಬಾರದ್ದನ್ನ ಮನೇಲಿ ಇಟ್ಕೋಬಾರದಂತೆ ಅಪ್ಪಾ.”

“ಹಾಗಾದ್ರೆ ಮೊದಲು ನಿಮ್ಮಪ್ಪನ್ನೇ ಆಚೆ ಇಡಬೇಕಾಗುತ್ತೆ,” ಎಂದಳು ಪಕ್ಕದಲ್ಲೇ ನಿಂತಿದ್ದ ನಮ್ಮ ಮನೆಯವಳು.

ರಜೆಗೆಂದು ಮಕ್ಕಳಿಬ್ಬರೂ ಬಂದಿಳಿದರು. ಮರುದಿನ ಬೆಳಗ್ಗೆ ಉಪ್ಪಿಟ್ಟು ತಿಂದು, ಮೂಗಿಗೆ ಟವೆಲ್ ಕಟ್ಟಿಕೊಂಡು ಕೆಲಸಕ್ಕೆ ಇಳಿದೆವು. ಮೊಮ್ಮಗಳು ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೀಚಿದಳು: ಇಟ್ಟುಕೊಳ್ಳುವುದು, ಯಾರಿಗಾದರೂ ಕೊಡುವುದು, ಗುಜರಿಗೆ ಹಾಕುವುದು. ನಾನು ಬಿಕಾಂ ಓದಿದವನು. ಮಗು ಕಾಲಂ ಗೀಚಿದ್ದನ್ನು ನೋಡಿ ನನ್ನ ಎದೆ ಎರಡು ಅಂಗುಲ ಉಬ್ಬಿತು.

ಮೊದಲು ಸಿಕ್ಕಿದ್ದು ಹಾರ್ಲಿಕ್ಸ್ ಬಾಟಲಿಗಳು. ನಲವತ್ತಕ್ಕೂ ಹೆಚ್ಚು. “ಉಪ್ಪಿನಕಾಯಿ ಹಾಕೋಕೆ ಬೇಕಾಗುತ್ತೆ” ಎಂದು ಇಟ್ಟದ್ದು ನಾನಲ್ಲ. ಆ ವಿಷಯವನ್ನು ನಾನು ಎತ್ತಲೂ ಇಲ್ಲ. ಆಮೇಲೆ 1982ರಿಂದ ಇಲ್ಲಿಯವರೆಗಿನ ಕರೆಂಟು ಬಿಲ್ಲುಗಳು, ವರ್ಷವಾರು ದಾರ ಕಟ್ಟಿದ್ದು. ಅದು ನಾನೇ. ಹಿಡಿ ಮುರಿದ ಮೂರು ಕೊಡೆ, ಮುಳ್ಳಿಲ್ಲದ ಒಂದು ಟೈಂಪೀಸು, ನಮ್ಮ ಮಗಳು ಮಲಗಿದ್ದ ಮರದ ತೊಟ್ಟಿಲು, ಅಮ್ಮನ ಶಾವಿಗೆ ಒರಳು, ತಳ ಸವೆದ ತಾಮ್ರದ ಹಂಡೆ.

ತೊಟ್ಟಿಲನ್ನು ಕೊಡುವ ಕಾಲಂಗೆ ಬರೆದೆವು. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಯ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಶಾವಿಗೆ ಒರಳು ಉಳಿಯಿತು; ಮುಂದಿನ ಭಾನುವಾರ ಒತ್ತು ಶಾವಿಗೆ ಎಂದು ಮೊಮ್ಮಗ ಆಗಲೇ ಅಜ್ಜಿಯಿಂದ ಮಾತು ತೆಗೆದುಕೊಂಡಿದ್ದ. ಕರೆಂಟು ಬಿಲ್ಲುಗಳು ಗುಜರಿಗೆ ಹೋದವು. ನಾನು ಆ ಹೊತ್ತಿಗೆ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿದ್ದೆ.

ಅಟ್ಟದ ಮೂಲೆಯಲ್ಲಿ ತಗಡಿನ ಟ್ರಂಕು ಇತ್ತು. ಅದನ್ನು ಇಳಿಸುವಾಗ ಮಕ್ಕಳಿಬ್ಬರ ಕಣ್ಣೂ ಅರಳಿದವು. ಮಗಳು ಕೇಳಿದ್ದ ಬ್ಯಾಂಕಿನ ಸಾಮಾನು ಅದರಲ್ಲೇ ಇದ್ದದ್ದು.

ಮೊದಲು ಕೈಗೆ ಬಂದದ್ದು ದುಂಡಗಿನ ಹಿತ್ತಾಳೆ ಬಿಲ್ಲೆ. ಮೇಲೆ 37 ಎಂದು ಕೊರೆದಿದೆ.

“ಇದೇನು ತಾತ, ಮೆಡಲ್ಲಾ?”

“ಅಲ್ಲ ಮರಿ, ಟೋಕನ್ನು. ನಮ್ಮ ಶಾಖೆಯಲ್ಲಿ ಟೋಕನ್ ನಿಲ್ಲಿಸಿದಾಗ ಮ್ಯಾನೇಜರು ನೆನಪಿಗೆಂದು ನಮಗೆಲ್ಲ ಒಂದೊಂದು ಕೊಟ್ಟರು.”

ಮಕ್ಕಳೇ, ಈಗ ನಿಮ್ಮ ಅಪ್ಪ ಅಮ್ಮ ಗೋಡೆಯಲ್ಲಿರುವ ಯಂತ್ರಕ್ಕೆ ಕಾರ್ಡು ತುರುಕಿದರೆ ದುಡ್ಡು ಬರುತ್ತದೆ. ಆಗ ಹಾಗಿರಲಿಲ್ಲ. ನೀವು ಚೆಕ್ ಕೊಟ್ಟರೆ ಗುಮಾಸ್ತ ಅದನ್ನು ತೆಗೆದುಕೊಂಡು ನಿಮ್ಮ ಕೈಗೆ ಒಂದು ಟೋಕನ್ ಕೊಡುತ್ತಿದ್ದ. ಚೆಕ್ಕು ಲೆಡ್ಜರಿನ ಹತ್ತಿರ ಹೋಗುತ್ತಿತ್ತು. ಲೆಡ್ಜರ್ ಎಂದರೆ ಎರಡು ಕೈಯಲ್ಲೂ ಎತ್ತಬೇಕಾದ ದಪ್ಪನೆಯ ಪುಸ್ತಕ. ಅದರಲ್ಲಿ ಒಬ್ಬೊಬ್ಬ ಗ್ರಾಹಕರಿಗೆ ಒಂದೊಂದು ಪುಟ. ಬಾಕಿ ಇದೆಯೇ ನೋಡಿ, ಮೊತ್ತವನ್ನು ಕಳೆದು ಬರೆದು, ಅಧಿಕಾರಿಯ ಸಹಿ ಆಗಿ, ಚೆಕ್ಕು ಕ್ಯಾಷಿಯರ್ ಹತ್ತಿರ ಬರುತ್ತಿತ್ತು. ಅವರು “ಮೂವತ್ತೇಳು!” ಎಂದು ಕೂಗಿದಾಗ ನೀವು ಎದ್ದು ಹೋಗಬೇಕು. ಇಷ್ಟಕ್ಕೆ ಅರ್ಧ ಗಂಟೆಯಾದರೂ ಆಗುತ್ತಿತ್ತು. ಆ ಅರ್ಧ ಗಂಟೆಯಲ್ಲಿ ಬೆಂಚಿನ ಮೇಲೆ ಕುಳಿತವರು ಮಳೆ, ಬೆಳೆ, ಮಗಳ ಮದುವೆ ಎಲ್ಲ ಮಾತಾಡಿ ಮುಗಿಸುತ್ತಿದ್ದರು.

ಉಳಿತಾಯ ಖಾತೆಯ ಬಡ್ಡಿಯನ್ನೂ ಕೈಯಲ್ಲೇ ಹಾಕುತ್ತಿದ್ದೆವು. ಪ್ರತಿ ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟು ಹಣ ಇತ್ತೋ ಅಷ್ಟಕ್ಕೇ ಆ ತಿಂಗಳ ಬಡ್ಡಿ. ದಿನದಿನದ ಬಾಕಿಗೆ ಬಡ್ಡಿ ಕೊಡುವ ಪದ್ಧತಿ ಬಂದದ್ದು 2010ರ ಏಪ್ರಿಲ್ 1ರಿಂದ. ಅಷ್ಟು ಹೊತ್ತಿಗೆ ನಾನು ರಿಟೈರ್ ಆಗುವುದರಲ್ಲಿದ್ದೆ.

ಟ್ರಂಕಿನಿಂದ ಇನ್ನೂ ಬಂದವು: ಮಸಿಯ ಕಲೆಯ ಪೆನ್ನು, ಗುಂಡುಸೂಜಿ ಡಬ್ಬಿ, ಕಾರ್ಬನ್ ಹಾಳೆ, ಬಡ್ಡಿ ಲೆಕ್ಕದ ರೆಡಿ ರೆಕನರ್ ಪುಸ್ತಕ, ಒಂದು ಎಚ್‌ಎಂಟಿ ವಾಚು, ಮತ್ತೆ ಗೇಣುದ್ದದ ಒಂದು ದಬ್ಬಳ. ದಬ್ಬಳ ಎಂದರೆ ಗೋಣಿಚೀಲ ಹೊಲಿಯುವ ದಪ್ಪ ಸೂಜಿ.

“ಬ್ಯಾಂಕಿನಲ್ಲಿ ಗೋಣಿಚೀಲ ಹೊಲೀತಿದ್ರಾ?” ಮೊಮ್ಮಗ ಕೇಳಿದ.

“ವೋಚರ್ ಹೊಲೀತಿದ್ರು. ದಿನದ ಚೆಕ್ಕು, ಚಲನ್ನು ಎಲ್ಲವನ್ನೂ ವಿಂಗಡಿಸಿ, ಎಣಿಸಿ, ಮೂಲೆಗೆ ತೂತು ಮಾಡಿ, ದಾರ ಪೋಣಿಸಿ, ಮೇಲೊಂದು ಹಾಳೆ ಹಾಕಿ ತಾರೀಖು ಬರೆದು ಇಡಬೇಕು. ಹತ್ತು ವರ್ಷದ ಹಿಂದಿನ ಒಂದು ಚಲನ್ ಬೇಕೆಂದರೂ ಐದು ನಿಮಿಷದಲ್ಲಿ ಸಿಗಬೇಕು. ಆ ಕೆಲಸ ಮಾಡುವವರಿಗೆ ದಫ್ತರಿ ಅಂತ ಹೆಸರು.”

ದಫ್ತರಿ ಎಂದ ಕೂಡಲೇ ನನಗೆ ನಂಜನಗೂಡಿನ ಶಾಖೆ ನೆನಪಾಯಿತು. 1976ರಿಂದ ನಾಲ್ಕು ವರ್ಷ ನಾನು ಅಲ್ಲಿದ್ದೆ. ಅಲ್ಲಿಯ ದಫ್ತರಿ ನನಗಿಂತ ಎಂಟು ವರ್ಷ ದೊಡ್ಡವರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಜೂನ್ ಮತ್ತು ಡಿಸೆಂಬರ್ ಕೊನೆಗೆ ಅರ್ಧವಾರ್ಷಿಕ ಲೆಕ್ಕ ಮುಗಿಸಲು ನಾವೆಲ್ಲ ರಾತ್ರಿ ಹನ್ನೆರಡರವರೆಗೂ ಕೂರುತ್ತಿದ್ದೆವು. ಲೆಡ್ಜರುಗಳ ಮೊತ್ತ ಒಂದಕ್ಕೊಂದು ತಾಳೆಯಾಗದೆ ನಾವು ತಲೆ ಕೆರೆದುಕೊಳ್ಳುವಾಗ ಅವರು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು: “ಸಾರ್, ವ್ಯತ್ಯಾಸ ಒಂಬತ್ತರಲ್ಲಿ ಹೋಗ್ತದಾ?”

ಮಕ್ಕಳೇ, ಇದು ನೀವು ಕಲಿತಿಟ್ಟುಕೊಳ್ಳಬೇಕಾದ ಗುಟ್ಟು. ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಅದನ್ನು 9ರಿಂದ ಭಾಗಿಸಿ ನೋಡಿ. ಶೇಷವಿಲ್ಲದೆ ಭಾಗವಾದರೆ, ಯಾರೋ ಅಂಕಿಗಳನ್ನು ಅದಲು ಬದಲು ಬರೆದಿರುವ ಸಂಭವ ಹೆಚ್ಚು. 83 ಬರೆಯುವಲ್ಲಿ 38 ಬರೆದರೆ ವ್ಯತ್ಯಾಸ 45. 540 ಬರೆಯುವಲ್ಲಿ 450 ಬರೆದರೆ ವ್ಯತ್ಯಾಸ 90. ಎರಡೂ 9ರಲ್ಲಿ ಹೋಗುತ್ತವೆ. ಪದವೀಧರರಾದ ನಾವು ನಿದ್ದೆಗಣ್ಣಿನಲ್ಲಿ ಮರೆಯುತ್ತಿದ್ದ ಸೂತ್ರವನ್ನು, ನಮ್ಮ ಮಾತು ಕೇಳಿ ಕೇಳಿಯೇ ಕಲಿತ ಅವರು ನಮಗೆ ನೆನಪಿಸುತ್ತಿದ್ದರು.

ನಾನು ಇದನ್ನೆಲ್ಲ ಹೇಳುತ್ತಿರುವಾಗ ಮೊಮ್ಮಗಳು ಟ್ರಂಕಿನ ತಳದಿಂದ ಅಂಗೈಯಗಲದ ಒಂದು ಪುಸ್ತಕ ತೆಗೆದಳು. ನನ್ನ ಖರ್ಚಿನ ಪುಸ್ತಕ. 1979ನೇ ಇಸವಿಯದು. ಹಾಲು, ಅಕ್ಕಿ, ಸೀಮೆಎಣ್ಣೆ, ಸೈಕಲ್ ರಿಪೇರಿ ಎಲ್ಲವೂ ಪೈಸೆ ಸಮೇತ ಇತ್ತು. ಕೊನೆಯ ಎರಡು ಪುಟಕ್ಕೆ ‘ಕೈಗಡ’ ಎಂದು ತಲೆಬರಹ. ಯಾರಿಂದ ಎಷ್ಟು ತಂದೆ, ಯಾವತ್ತು ತೀರಿಸಿದೆ ಎಂದು ಬರೆದು, ತೀರಿದ್ದಕ್ಕೆ ಕೆಂಪು ಮಸಿಯಲ್ಲಿ ಟಿಕ್ ಹಾಕಿದ್ದೆ.

“ತಾತ, ನೀನು ಎಷ್ಟು ನೀಟಾಗಿ ಬರೀತಿದ್ದೆ!” ಎಂದಳು. ನಾನು ಹಿಗ್ಗಿದೆ. ಅವಳು ಬೆರಳಿಟ್ಟು ಓದುತ್ತಾ ಹೋಗಿ ನಿಂತಳು. “ಇದೊಂದಕ್ಕೆ ಟಿಕ್ ಇಲ್ಲವಲ್ಲ.”

ಕನ್ನಡಕ ಒರೆಸಿಕೊಂಡು ನೋಡಿದೆ. ‘ನವೆಂಬರ್ 24. ದಫ್ತರಿಯಿಂದ ರೂ. 150.’ ಮುಂದಿನ ಕಾಲಂ ಖಾಲಿ.

ಆ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಮನೆಯವಳಿಗೆ ನೋವು ಶುರುವಾಗಿತ್ತು. ಮೊದಲ ಹೆರಿಗೆ. ಡಾಕ್ಟರು ನೋಡಿ, ಕಷ್ಟವಾಗಬಹುದು, ಈಗಲೇ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ಸಂಬಳಕ್ಕೆ ಇನ್ನೂ ಆರು ದಿನ. ದಿನವೂ ಸಾವಿರಾರು ರೂಪಾಯಿ ಎಣಿಸುವ ಕೈ ನನ್ನದು. ಅವತ್ತು ಜೇಬಿನಲ್ಲಿದ್ದದ್ದು 23 ರೂಪಾಯಿ. ಮ್ಯಾನೇಜರ ಮನೆಗೆ ಓಡಿದೆ, ಅವರು 50 ಕೊಟ್ಟರು. ಸಾಲಲಿಲ್ಲ. ಪಕ್ಕದ ಓಣಿಯಲ್ಲಿದ್ದ ದಫ್ತರಿಯ ಮನೆ ಬಾಗಿಲು ತಟ್ಟಿದೆ. ಅವರು ಒಂದು ಮಾತೂ ಕೇಳಲಿಲ್ಲ. ಒಳಗೆ ಹೋಗಿ, ಮಡಕೆಯಿಂದ ಬಟ್ಟೆಯ ಗಂಟು ತೆಗೆದು, ಎಣಿಸಿ 150 ರೂಪಾಯಿ ಕೊಟ್ಟರು. ತಾವೇ ಹೋಗಿ ಟ್ಯಾಕ್ಸಿಯನ್ನೂ ಕರೆತಂದರು. ಬೆಳಗಿನ ಜಾವ ನಾಲ್ಕಕ್ಕೆ ಮಗಳು ಹುಟ್ಟಿದಳು. ಈಗ ಥೀಮ್ ಪಾರ್ಟಿಗೆ ಕರೆದಿರುವವಳು ಅವಳೇ.

ಡಿಸೆಂಬರಿನಲ್ಲಿ ವರ್ಷಾಂತ್ಯದ ಲೆಕ್ಕ. ಜನವರಿಯಲ್ಲಿ ಹಾಸನಕ್ಕೆ ವರ್ಗ. ಹಸುಗೂಸು, ಹೊಸ ಊರು, ಹೊಸ ಮನೆ. ಮರೆತಿರಬೇಕು ಎಂದು ಮಕ್ಕಳಿಗೆ ಹೇಳಿದೆ.

ಮೊಮ್ಮಗಳು ಪುಸ್ತಕದಿಂದ ಕಣ್ಣು ತೆಗೆದಿರಲಿಲ್ಲ. “ಆದರೆ ತಾತ, ಮ್ಯಾನೇಜರಿಂದ ತಗೊಂಡಿದ್ದ 50 ರೂಪಾಯಿಗೆ ಟಿಕ್ ಇದೆ. ಡಿಸೆಂಬರ್ 1ನೇ ತಾರೀಖೇ ಕೊಟ್ಟಿದ್ದೀಯ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತೊಂಬತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದ್ದೇನೆ. ಹತ್ತು ಪೈಸೆ ವ್ಯತ್ಯಾಸಕ್ಕೆ ಮಧ್ಯರಾತ್ರಿಯವರೆಗೂ ಕೂತಿದ್ದೇನೆ. ಮ್ಯಾನೇಜರ ಸಾಲ ಆರೇ ದಿನದಲ್ಲಿ ನೆನಪಾಗಿತ್ತು. ದಫ್ತರಿಯದು 45 ವರ್ಷವಾದರೂ ಆಗಿರಲಿಲ್ಲ. ಅಂದು ಮಧ್ಯಾಹ್ನ ಊಟ ಸೇರಲಿಲ್ಲ.

ನಮ್ಮ ನಿವೃತ್ತ ನೌಕರರ ವಾಟ್ಸಾಪ್ ಗುಂಪಿನಲ್ಲಿ ವಿಚಾರಿಸಿದೆ. ಸಂಜೆಯೊಳಗೆ ವಿಷಯ ತಿಳಿಯಿತು. ಅವರು ನಂಜನಗೂಡಿನಲ್ಲೇ ಇದ್ದಾರೆ, ಮಗನ ಜೊತೆ. ಗಟ್ಟಿಯಾಗಿಯೇ ಇದ್ದಾರೆ.

ಬಡ್ಡಿ ಎಷ್ಟಾಗುತ್ತದೆ ಎಂದು ಮೊಮ್ಮಗಳು ಲೆಕ್ಕಕ್ಕೆ ಕೂತಳು. ವರ್ಷಕ್ಕೆ 5 ಪರ್ಸೆಂಟು ಹಿಡಿದರೆ, ಸರಳ ಬಡ್ಡಿಯಲ್ಲಿ 150 ರೂಪಾಯಿಗೆ 45 ವರ್ಷಕ್ಕೆ 337 ರೂಪಾಯಿ 50 ಪೈಸೆ. ಚಕ್ರಬಡ್ಡಿಯಲ್ಲಿ ಹಾಕಿದರೆ ಸುಮಾರು 1,198. ಮೇಲೆ ಅಸಲು ಬೇರೆ. “ಚಕ್ರಬಡ್ಡೀನೇ ಕೊಡೋಣ,” ಎಂದ ಮೊಮ್ಮಗ, ಕೊಡುವವನು ತಾನೇ ಎನ್ನುವಂತೆ.

ಮರುದಿನ ಮೂವರೂ ರೈಲು ಹತ್ತಿದೆವು. ನಮ್ಮ ಮನೆಯವಳು ಒಂದು ಸೀರೆ, ಅರಿಶಿನ ಕುಂಕುಮ, ಹಣ್ಣು ಕಟ್ಟಿಕೊಟ್ಟಳು. ಮಂಡಿನೋವು ಇಲ್ಲದಿದ್ದರೆ ತಾನೂ ಬರುತ್ತಿದ್ದಳು. ಕಪಿಲಾ ನದಿ ಕಾಣಿಸಿದಾಗ ಮಕ್ಕಳು ಕಿಟಕಿಗೆ ಮುಗಿಬಿದ್ದರು. ನಾನು ಹೇಗೆ ಮಾತು ಶುರು ಮಾಡುವುದು ಎಂದು ಯೋಚಿಸುತ್ತಿದ್ದೆ.

ಜಗುಲಿಯ ಮೇಲೆ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಎದ್ದು ನಿಂತರು. “ಬನ್ನಿ ಸಾರ್, ಬನ್ನಿ. ಮಗೂ ಚೆನ್ನಾಗಿದ್ಯಾ?” ಅವರು ಕೇಳಿದ್ದು ನಲವತ್ತೈದು ದಾಟಿರುವ ನನ್ನ ಮಗಳನ್ನು!

ಆಗಿನ ಕಾಲದಲ್ಲಿ ನಾನು ಅವರನ್ನು ‘ಏನಪ್ಪಾ, ಬಾರಪ್ಪಾ’ ಎಂದು ಏಕವಚನದಲ್ಲಿ ಕರೆಯುತ್ತಿದ್ದೆ. ಇಪ್ಪತ್ತಾರರ ಹುಡುಗ ನಾನು, ಮೂವತ್ತನಾಲ್ಕರ ಗೃಹಸ್ಥ ಅವರು. ಅವತ್ತು ‘ನೀವು ಕೂತ್ಕೊಳ್ಳಿ’ ಎಂದೆ. ಅವರಿಗೆ ಅದು ಕೇಳಿಸಿತು. ಒಂದು ಗಳಿಗೆ ನನ್ನ ಮುಖ ನೋಡಿದರು.

ಪುಸ್ತಕ ತೆಗೆದು ತೋರಿಸಿದೆ. “ನಿಮಗೆ ಇದು ನೆನಪಿದೆಯಾ?”

“ನೆನಪದೆ ಸಾರ್.”

“ಮತ್ತೆ ಒಂದು ಸಲವೂ ಕೇಳಲಿಲ್ಲವಲ್ಲ?”

ಅವರು ನಕ್ಕರು. ಕೋಪದ ನಗುವಲ್ಲ. “ಹೆಂಗೆ ಕೇಳೋದು? ನೀವು ಗುಮಾಸ್ತರು, ನಾನು ದಫ್ತರಿ. ಕೊಡ್ತೀರಿ ಅಂತ ಒಂದು ವರ್ಷ ಕಾದೆ. ಆಮೇಲೆ ಬಿಟ್ಟೆ.”

ಒಳಗಿನಿಂದ ಮಜ್ಜಿಗೆ ತಂದ ಅವರ ಹೆಂಡತಿ ಅಷ್ಟಕ್ಕೇ ಬಿಡಲಿಲ್ಲ. “ಅದು ಹೆಂಚಿನ ದುಡ್ಡು ಸಾಮಿ. ಆ ವರ್ಷ ಹೆಂಚು ಹಾಕಿಸ್ಲಿಲ್ಲ. ತೆಂಗಿನಗರಿ ಹೊದಿಸ್ಕೊಂಡೇ ಒಂದು ಮಳೆಗಾಲ ಕಳೆದ್ವಿ.” ದೂರಿನ ದನಿಯಲ್ಲಿ ಹೇಳಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿದರು.

ನಾನು ತಲೆ ತಗ್ಗಿಸಿ “ತಪ್ಪಾಯಿತು” ಎಂದೆ. ಮೊಮ್ಮಕ್ಕಳ ಎದುರಿಗೇ ಹೇಳಿದೆ. ಹೇಳಿದ ಮೇಲೆ ಉಸಿರು ಸ್ವಲ್ಪ ಸರಾಗವಾಯಿತು.

ಹಣವಿಟ್ಟ ಲಕೋಟೆ ಕೊಟ್ಟೆ. ‘ಅಯ್ಯೋ ಬೇಡ ಸಾರ್’ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಹಾಗೆನ್ನಲಿಲ್ಲ. ಲಕೋಟೆ ಬಿಚ್ಚಿ, ಬೆರಳಿಗೆ ಎಂಜಲು ತಾಗಿಸಿ, ಸರಿಯಾಗಿ 150 ರೂಪಾಯಿ ಎಣಿಸಿ ತೆಗೆದುಕೊಂಡು ಉಳಿದದ್ದನ್ನು ಹಿಂದಕ್ಕೆ ಕೊಟ್ಟರು.

“ಬಡ್ಡಿ ಬ್ಯಾಂಕಿನ ವ್ಯವಹಾರ. ಕೈಗಡಕ್ಕೆ ನಾವು ಬಡ್ಡಿ ತಗೊಳ್ಳೋರಲ್ಲ. ಅಸಲು ಬಂತು, ಲೆಕ್ಕ ಸರಿ ಹೋಯ್ತು. ಮಗಾ, ಟಿಕ್ ಹಾಕವ್ವ.”

ಮೊಮ್ಮಗಳು ಜಗುಲಿಯ ಮೇಲೆ ಪುಸ್ತಕವಿಟ್ಟು ಟಿಕ್ ಹಾಕಿ, ತಾರೀಖು ಬರೆದಳು. ಕೆಂಪು ಪೆನ್ನನ್ನು ಅವಳು ಮನೆಯಿಂದಲೇ ತಂದಿದ್ದಳು.

ಮೊಮ್ಮಗ ಚೀಲದಿಂದ ದಬ್ಬಳ ತೆಗೆದು ತೋರಿಸಿದಾಗ ಅವರ ಮುಖ ಅರಳಿತು. ಹಳೆಯ ಪೇಪರು ತರಿಸಿ, ಕತ್ತರಿಸಿ, ವೋಚರ್ ಹೊಲಿಯುವುದನ್ನು ಹೇಳಿಕೊಟ್ಟರು. ಎಲ್ಲ ಹಾಳೆಯ ಮೂಲೆಯೂ ಒಂದೇ ಸಮ ಬರುವಂತೆ ಮೊದಲು ಕುಟ್ಟಿ ಕೂಡಿಸಬೇಕು. ತೂತು ಅಂಚಿಗೆ ತೀರ ಹತ್ತಿರ ಇದ್ದರೆ ಕಾಗದ ಹರಿಯುತ್ತದೆ. ಒಳಗೆ ಹೋದರೆ ಬರಹ ಮುಚ್ಚುತ್ತದೆ. ಹೊಲಿಯುವ ಮೊದಲೊಮ್ಮೆ, ಹೊಲಿದ ಮೇಲೊಮ್ಮೆ ಎಣಿಸಬೇಕು. ಒಂದು ಗಂಟೆ ಹೋದದ್ದೇ ತಿಳಿಯಲಿಲ್ಲ. ಹೊರಡುವಾಗ ಒಂದು ಚಿಪ್ಪು ರಸಬಾಳೆ ಕೊಟ್ಟರು. ಪತ್ರಿಕೆಯಲ್ಲಿ ಬರೆಯಲೇ ಎಂದು ಕೇಳಿದ್ದಕ್ಕೆ, “ಬರೀರಿ, ಹೆಸರು ಬೇಡ,” ಎಂದರು.

ಇನ್ನು ಪಾರ್ಟಿಯ ವಿಷಯ. ಬೆಂಗಳೂರಿನ ಆಫೀಸಿನ ಆ ದೊಡ್ಡ ಹಾಲನ್ನು ಚೆನ್ನಾಗಿಯೇ ಸಿಂಗರಿಸಿದ್ದರು. ರಟ್ಟಿನಿಂದ ಮಾಡಿದ ಟೈಪ್‌ರೈಟರು, ಕಪ್ಪು ಡಯಲ್ ಫೋನು, ಫೈಲುಗಳ ರಾಶಿ. ‘ಊಟದ ಸಮಯ, ಆಮೇಲೆ ಬನ್ನಿ’ ಎಂದು ಒಂದು ಬೋರ್ಡು ಬೇರೆ. ಅದು ನಮ್ಮ ಮೇಲಿನ ತಮಾಷೆ ಎಂದು ಗೊತ್ತಾಯಿತು. ಸುಳ್ಳೆಂದು ವಾದಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹುಡುಗರು ಬೆಲ್ ಬಾಟಮ್ ಪ್ಯಾಂಟು, ಉದ್ದ ಕಾಲರಿನ ಶರಟು ಹಾಕಿ, ಅಂಟಿಸಿದ ಮೀಸೆ ಸರಿಪಡಿಸಿಕೊಳ್ಳುತ್ತಾ ಓಡಾಡುತ್ತಿದ್ದರು. ನಾನು ಎಣಿಸಿದೆ. ಮ್ಯಾನೇಜರುಗಳು ಹನ್ನೊಂದು ಜನ. ಕ್ಯಾಷಿಯರು ನಾಲ್ಕು. ಟೈಪಿಸ್ಟು ಆರು. ಖಾಕಿ ತೊಟ್ಟವನು ಒಬ್ಬನೇ, ನಮ್ಮ ಮೊಮ್ಮಗ.

ಹನ್ನೊಂದು ಮ್ಯಾನೇಜರುಗಳಲ್ಲಿ ಒಬ್ಬರು ತಮಾಷೆಗೆ “ಏಯ್, ಒಂದು ಟೀ ತಗೊಂಡ್ ಬಾ!” ಎಂದರು.

“ಮೊದಲು ನಿಮ್ಮ ವೋಚರ್ ಕೊಡಿ ಅಂಕಲ್. ಎಣಿಕೆ ಸರಿ ಇದ್ರೆ ಟೀ,” ಎಂದ ಇವನು.

ಎಲ್ಲರೂ ನಕ್ಕರು. ಇವನು ನಗಲಿಲ್ಲ. ಮೇಜಿನ ಮುಂದೆ ಕೂತು ದಬ್ಬಳ ತೆಗೆದ. ಹಾಳೆ ಕೂಡಿಸಿ, ಎಣಿಸಿ, ಹೊಲಿದು, ಮತ್ತೆ ಎಣಿಸಿದ. ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಇದನ್ನೆಲ್ಲ ದಿನವೂ ಯಾರು ಮಾಡುತ್ತಿದ್ದರು ಎಂದು ಕೇಳಿದರು. ನಾನು ಹೇಳಿದೆ. ಒಂಬತ್ತರ ಗುಟ್ಟನ್ನೂ ಹೇಳಿದೆ. ಕೈಗಡದ ಕತೆಯನ್ನು ಮಾತ್ರ ಹೇಳಲಿಲ್ಲ. ಅದನ್ನು ಮಗಳಿಗೆ ಬರುವಾಗಲೇ ಕಾರಿನಲ್ಲಿ ಹೇಳಿದ್ದೆ. ಅವಳು ತುಂಬ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ನಾನು ಅವರ ಹೆಂಚಿನ ದುಡ್ಡಲ್ಲಿ ಹುಟ್ಟಿದವಳು,” ಎಂದಿದ್ದಳು.

ಹಾಲಿನ ಮೂಲೆಯಲ್ಲಿ ಒಬ್ಬ ಹೆಂಗಸು ಖಾಲಿ ಲೋಟಗಳನ್ನು ಟ್ರೇಯಲ್ಲಿ ಜೋಡಿಸುತ್ತಿದ್ದರು. ಅವರು ಯಾವ ವೇಷವನ್ನೂ ಹಾಕಿರಲಿಲ್ಲ. ಅದು ಅವರ ದಿನದ ಸಮವಸ್ತ್ರ. ಮೊಮ್ಮಗಳು ಅಮ್ಮನ ಕಿವಿಯಲ್ಲಿ ಕೇಳಿದಳು: “ಅಮ್ಮಾ, ಅವರ ಹೆಸರೇನು?”

ಮಗಳು ತಡವರಿಸಿದಳು. “ನಾವೆಲ್ಲ ಅಕ್ಕ ಅಂತೀವಿ...” ಎಂದವಳು ಅಲ್ಲಿಗೇ ನಿಂತು, ಎದ್ದು ಹೋಗಿ, ಕೇಳಿಕೊಂಡು ಬಂದಳು. ಆ ಆಫೀಸಿಗೆ ಸೇರಿ ಅವಳಿಗೆ ಎಂಟು ವರ್ಷವಾಗಿದೆ.

ಈಗ ಹಿಂದಿನ ಕೋಣೆ ಖಾಲಿಯಾಗಿದೆ. ಗೋಡೆಗೆ ತಿಳಿ ಹಸಿರು ಬಣ್ಣ, ಕಿಟಕಿಯ ಹತ್ತಿರ ಮೇಜು. ಟ್ರಂಕು ಹೋಯಿತು. ಎಚ್‌ಎಂಟಿ ವಾಚು ಮೊಮ್ಮಗಳ ಕೈಯಲ್ಲಿ ಓಡುತ್ತಿದೆ. ದಬ್ಬಳ ಮೊಮ್ಮಗನದು, ಚೂಪಾದ ತುದಿಗೆ ಅವನ ಅಜ್ಜಿ ಬೆಂಡು ಚುಚ್ಚಿಟ್ಟಿದ್ದಾಳೆ. ಟೋಕನ್ನು ನನ್ನ ಹತ್ತಿರ. ಬಡ್ಡಿಯ ಹಣ ಇನ್ನೂ ಲಕೋಟೆಯಲ್ಲೇ ಇದೆ. ಏನು ಮಾಡಬೇಕೋ ತಿಳಿದಿಲ್ಲ. ಮಗಳು ಮುಂದಿನ ತಿಂಗಳು ನಂಜನಗೂಡಿಗೆ ಹೋಗಿ ಅವರನ್ನು ನೋಡಿ ಬರುತ್ತೇನೆ ಎಂದಿದ್ದಾಳೆ. ಆಗ ಅವಳ ಕೈಗೇ ಕೊಡುತ್ತೇನೆ.

ಲೆಡ್ಜರಿನಲ್ಲಿ ಒಂದು ಪುಟ ತುಂಬಿದರೆ ನಾವು ಅದರ ಎಲ್ಲ ಸಾಲುಗಳನ್ನೂ ಹೊಸ ಪುಟಕ್ಕೆ ಬರೆಯುತ್ತಿರಲಿಲ್ಲ. ಕೊನೆಗೆ ಉಳಿದ ಬಾಕಿಯನ್ನು ಮಾತ್ರ ಬರೆಯುತ್ತಿದ್ದೆವು. ಹಳೆಯ ಮನೆ ಖಾಲಿ ಮಾಡುವುದೂ ಹಾಗೆಯೇ ಎಂದು ನನಗೀಗ ಅನಿಸುತ್ತದೆ. ಎಲ್ಲವನ್ನೂ ಹೊತ್ತುಕೊಳ್ಳಬೇಕಿಲ್ಲ. ಆದರೆ ಗುಜರಿಯವನನ್ನು ಕರೆಯುವ ಮೊದಲು ಒಂದೊಂದನ್ನೂ ಕೈಯಲ್ಲಿ ಹಿಡಿದು, ಇದರಲ್ಲಿ ಯಾರದಾದರೂ ಬಾಕಿ ಇದೆಯೇ ಎಂದು ನೋಡಿಬಿಡಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ನಮ್ಮ ಕನ್ನಡಕಕ್ಕೆ ಕಾಣದ್ದು ಅವರಿಗೆ ಕಾಣುತ್ತದೆ.

ಈ ವಾರದ ಲೆಕ್ಕ: ಒಬ್ಬ ಗುಮಾಸ್ತ ಎರಡು ಅಂಕಿಯ ಒಂದು ಮೊತ್ತವನ್ನು ಅದಲು ಬದಲು ಮಾಡಿ ಬರೆದ. ಅವನು ಬರೆದದ್ದು ಸರಿಯಾದ ಮೊತ್ತಕ್ಕಿಂತ 27 ಕಡಿಮೆ. ಆ ಎರಡು ಅಂಕಿಗಳನ್ನು ಕೂಡಿದರೆ 9. ಹಾಗಾದರೆ ಸರಿಯಾದ ಮೊತ್ತ ಎಷ್ಟು? ಉತ್ತರದ ಜೊತೆಗೆ, ನಿಮ್ಮ ಮನೆಯ ಅಟ್ಟದಲ್ಲಿರುವ ಒಂದು ವಸ್ತುವಿನ ಕತೆಯನ್ನು ಅಜ್ಜ ಅಥವಾ ಅಜ್ಜಿಯನ್ನು ಕೇಳಿ ಬರೆದು ಕಳಿಸಿ.

ಕಳೆದ ವಾರದ ಮಾವಿನಹಣ್ಣಿನ ಲೆಕ್ಕಕ್ಕೆ ಉತ್ತರ 42. ಮಕ್ಕಳೆಲ್ಲ ಸರಿಯಾಗಿ ಬರೆದಿದ್ದೀರಿ. ಇಬ್ಬರು ಅಜ್ಜಂದಿರು ತಪ್ಪು ಮಾಡಿದ್ದಾರೆ. ಅವರ ಹೆಸರು ಹೇಳುವುದಿಲ್ಲ.